ಮೂತ್ರಪಿಂಡ ರಕ್ತವನ್ನು ಸೋಸುವ ಬಗೆ

ಬೆನ್ನುಮೂಳೆಯ ಎರಡೂ ಬದಿಗೆ, ಕೆಳಪಕ್ಕೆಲುಬುಗಳ ಮರೆಯಲ್ಲಿ ಒಂದೊಂದು ಮೂತ್ರಪಿಂಡವಿದೆ. ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು ರಕ್ತ ಇವೆರಡರ ಮೂಲಕ ಹರಿಯುತ್ತದೆ.

ಸೋಸುವ ಕೆಲಸ ನೆಫ್ರಾನ್‌ಗಳದ್ದು. ಒಂದು ಮೂತ್ರಪಿಂಡದಲ್ಲಿ ಇಂಥವು ಸುಮಾರು 10 ಲಕ್ಷ. ಪ್ರತಿ ನೆಫ್ರಾನ್‌ನ ಆರಂಭದಲ್ಲಿ ಕೂದಲಿಗಿಂತ ತೆಳುವಾದ ರಕ್ತನಾಳಗಳ ಉಂಡೆಯಿದೆ, ಹೆಸರು ಗ್ಲಾಮೆರುಲಸ್. ಇದಕ್ಕೆ ರಕ್ತ ತರುವ ನಾಳ ಅಗಲ, ಹೊರಗೊಯ್ಯುವ ನಾಳ ಕಿರಿದು. ಹಾಗಾಗಿ ಒಳಗೆ ಒತ್ತಡ ಏರುತ್ತದೆ. ಆ ಒತ್ತಡಕ್ಕೆ ನೀರು, ಉಪ್ಪು, ಸಕ್ಕರೆ, ಯೂರಿಯಾ ನಾಳದ ಗೋಡೆ ದಾಟಿ ಜಿನುಗುತ್ತವೆ. ರಕ್ತಕಣಗಳೂ ದೊಡ್ಡ ಪ್ರೋಟೀನ್‌ಗಳೂ ರಕ್ತದಲ್ಲೇ ಉಳಿಯುತ್ತವೆ.

ಹೀಗೆ ದಿನಕ್ಕೆ ಸೋಸಿ ಬರುವ ದ್ರವ ಸುಮಾರು 180 ಲೀಟರ್. ಇಷ್ಟೂ ಹೊರಹೋದರೆ ಜೀವ ಉಳಿಯದು. ಅದಕ್ಕೇ, ಈ ದ್ರವ ಸುರುಳಿ ನಾಳಿಕೆಯಲ್ಲಿ ಸಾಗುವಾಗ ಶೇ 99ರಷ್ಟು ನೀರು ಮರಳಿ ರಕ್ತ ಸೇರುತ್ತದೆ. ಆರೋಗ್ಯವಂತರಲ್ಲಿ ಸಕ್ಕರೆ ಬಹುತೇಕ ಪೂರ್ತಿ ವಾಪಸಾಗುತ್ತದೆ. ಹೆಚ್ಚಾದ ಆಮ್ಲ, ಪೊಟ್ಯಾಸಿಯಂ, ಕೆಲವು ಔಷಧಗಳು ರಕ್ತದಿಂದ ನಾಳಿಕೆಗೆ ಇಳಿಯುತ್ತವೆ.

ಬೆವರಿ ಮೈಯ ನೀರು ಕಡಿಮೆಯಾದಾಗ, ಮಿದುಳಿನಿಂದ ಬರುವ ಎಡಿಎಚ್ ಹಾರ್ಮೋನ್ ಇನ್ನಷ್ಟು ನೀರನ್ನು ಉಳಿಸಿಕೊಡುತ್ತದೆ. ಆಗ ಮೂತ್ರ ಗಾಢ ಹಳದಿಯಾಗುವುದು ಇದರಿಂದಲೇ.

ಕೊನೆಗೆ ಯೂರಿಯಾದಂಥ ಕಶ್ಮಲ ಹೊತ್ತ ಒಂದೂವರೆ ಲೀಟರಿನಷ್ಟು ಮೂತ್ರ, ಮೂತ್ರನಾಳಗಳ ಮೂಲಕ ಮೂತ್ರಕೋಶ ಸೇರುತ್ತದೆ.