ನಾಯಿಯ ಎದೆಯ ಮರ್ಮರ

ಮುದಿನಾಯಿಯ ಎದೆಗೆ ಸ್ಟೆತೊಸ್ಕೋಪನ್ನಿಟ್ಟು ಪಶುವೈದ್ಯರು ‘ಮರ್ಮರ್ ಇದೆ’ ಎಂದೊಡನೆ ಮನೆಯವರ ಮುಖ ಬಾಡುತ್ತದೆ. ನಮಗೆ ಮರ್ಮರವೆಂದರೆ ಒಣಗಿದೆಲೆಗಳ ಸದ್ದು. ಇಲ್ಲಿ ಅದು, ಸರಿಯಾಗಿ ಮುಚ್ಚದ ಕವಾಟದಿಂದ ಹಿಂದಕ್ಕೆ ನುಗ್ಗುವ ರಕ್ತದ ಸದ್ದು. ಸಣ್ಣ ತಳಿಗಳಲ್ಲಿ ವಯಸ್ಸಾದಂತೆ ಎಡಹೃದಯದ ಮೈಟ್ರಲ್ ಕವಾಟ ದಪ್ಪಗಾಗುವುದೇ ಸಾಮಾನ್ಯ ಕಾರಣ. ಆದರೆ ಹೃದಯ ಹಿಗ್ಗಿದೆಯೇ ಎಂಬುದನ್ನು ಕಿವಿ ಹೇಳಲಾರದು. ಖಚಿತವಾಗಿ ತೋರುವುದು ಅಲ್ಟ್ರಾಸೌಂಡ್. ಬಹುಮಟ್ಟಿಗೆ ಮತ್ತು ಬರಿಸಬೇಕಿಲ್ಲ. ಮಗ್ಗುಲಾಗಿ ಮಲಗಿದ ನಾಯಿಯ ತಲೆ ಸವರುತ್ತ ಮನೆಯವರೊಬ್ಬರಿದ್ದರಾಯಿತು.

ನಾಯಿಗೆ ಇಷ್ಟು ಖರ್ಚೇ ಎನ್ನುವ ನೆಂಟರಿಗೆ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರವೀಯುತ್ತದೆ: ಈ ರೋಗದಿಂದ ಹೃದಯ ಹಿಗ್ಗಿದ್ದರೂ ಏದುಸಿರು ಇನ್ನೂ ಕಾಣಿಸದ ನಾಯಿಗಳಿಗೆ ಪಿಮೊಬೆಂಡಾನ್ ಗುಳಿಗೆ ಕೊಟ್ಟಾಗ, ರೋಗ ಉಲ್ಬಣಿಸುವುದು ಸುಮಾರು 15 ತಿಂಗಳು ತಡವಾಯಿತು. ನಾಯಿಯ ಆಯುಷ್ಯದಲ್ಲಿ ಅದು ಅಲ್ಪವಲ್ಲ. ಹಿಗ್ಗದ ಹೃದಯಕ್ಕೆ ಆ ಗುಳಿಗೆ ಬೇಕಿಲ್ಲ. ನಿದ್ರಿಸುವ ನಾಯಿಯ ಉಸಿರು ನಿಮಿಷಕ್ಕೆ 30ನ್ನು ಮೀರತೊಡಗಿದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು.