ಮೌನವು ಸಮ್ಮತಿಯಲ್ಲ
‘ಮೌನವೇ ಸಮ್ಮತಿ’ ಎಂಬ ಲೋಕರೂಢಿಯಿದ್ದರೂ ವಿವಾಹದಲ್ಲಿ ವಧುವಿನ ಒಪ್ಪಿಗೆಯನ್ನು ನಾವು ಆಕೆಯ ಬಾಯಿಂದಲೇ ಕೇಳುತ್ತೇವೆ. ಅತ್ಯಾಚಾರದ ಕಾನೂನು ಈ ವಿವೇಕವನ್ನು ತಡವಾಗಿ ಕಲಿಯಿತು. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಬಾಲೆಯೊಬ್ಬಳ ಮೇಲೆ ನಡೆದ ಕೃತ್ಯದ ಮೊಕದ್ದಮೆಯಲ್ಲಿ, ಮೈಮೇಲೆ ಗಾಯವಿಲ್ಲ, ಆಕೆ ಕೂಗಿದಳೆಂಬುದು ನಂಬಲರ್ಹವಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಪೊಲೀಸರಿಬ್ಬರನ್ನು ಖುಲಾಸೆಗೊಳಿಸಿತು. ಶರಣಾಗುವುದು ಬೇರೆ, ಸಮ್ಮತಿಸುವುದು ಬೇರೆ ಎಂದು ನಾಲ್ವರು ಕಾನೂನು ಪ್ರಾಧ್ಯಾಪಕರು ಬಹಿರಂಗ ಪತ್ರ ಬರೆದರು. 1983ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ದೈಹಿಕವಾಗಿ ಪ್ರತಿಭಟಿಸದ ಮಾತ್ರಕ್ಕೆ ಸಮ್ಮತಿಯಾಗದೆಂದು ಸ್ಪಷ್ಟವಾಗಿ ಬರೆದದ್ದು 2013ರಲ್ಲಿ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮಿನಲ್ಲಿಯೂ ಅದಿದೆ; ಶಿಕ್ಷೆ ಕನಿಷ್ಠ 10 ವರ್ಷ ಕಠಿಣ ಸಜೆ, ಗರಿಷ್ಠ ಜೀವಾವಧಿ. ಪತ್ನಿಗೆ 18 ತುಂಬಿದ್ದರೆ ಪತಿಗೆ ವಿನಾಯಿತಿ! ಇದು ನಮಗೆ ಒಪ್ಪಿಗೆಯಿಲ್ಲ. ನಮ್ಮ ಮನೆಗಳಲ್ಲಾದರೋ, ‘ನೀನೇಕೆ ಕೂಗಲಿಲ್ಲ?’ ಎಂದು ನೊಂದ ಮಗಳನ್ನೇ ಇನ್ನೂ ಕೇಳುತ್ತಿದ್ದೇವೆ.