ಎದೆಯೊಳಗೆ ಯಂತ್ರ, ಕಾಲಲ್ಲಿ ಚೆಂಡು

ಪ್ರಶ್ನೆ: ಹೃದಯ ಸ್ತಂಭನವಾದ ಮೇಲೂ ವೃತ್ತಿಪರ ಫುಟ್‌ಬಾಲ್ ಆಡಲು ಸಾಧ್ಯವೇ?

ಉತ್ತರ: ಎಲ್ಲರಿಗೂ ಅಲ್ಲ, ಆದರೆ ಕೆಲವರಿಗೆ ಸಾಧ್ಯ. ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ ಅದಕ್ಕೆ ಸಾಕ್ಷಿ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಫಿನ್ಲೆಂಡ್ ವಿರುದ್ಧದ ಯೂರೋ ಪಂದ್ಯ. ಮೊದಲಾರ್ಧ ಮುಗಿಯುತ್ತ ಬಂದಿತ್ತು. ಥ್ರೋ-ಇನ್ ಚೆಂಡಿನತ್ತ ಬಂದ ಎರಿಕ್ಸನ್ ಯಾರೂ ತಾಕದಿದ್ದರೂ ಕುಸಿದುಬಿದ್ದರು. ಸಹ ಆಟಗಾರರು ಸುತ್ತುಗಟ್ಟಿ ಮರೆಯಾಗಿ ನಿಂತರು; ವೈದ್ಯರು ಎದೆ ಒತ್ತಿ, ಡಿಫಿಬ್ರಿಲೇಟರ್‌ನಿಂದ ಆಘಾತ ಕೊಟ್ಟು ಜೀವ ಉಳಿಸಿದರು.

ಬಳಿಕ ಅವರಿಗೆ ಐಸಿಡಿ ಅಳವಡಿಸಲಾಯಿತು. ಈ ಪುಟ್ಟ ಯಂತ್ರ ಹೃದಯದ ಲಯವನ್ನು ಸದಾ ಗಮನಿಸುತ್ತದೆ. ಲಯ ಅಪಾಯಕಾರಿಯಾಗಿ ತಪ್ಪಿದರೆ ತಾನೇ ಆಘಾತ ಕೊಟ್ಟು ಸರಿದಾರಿಗೆ ತರುತ್ತದೆ. ಐಸಿಡಿಯೊಂದಿಗೆ ಆಡಲು ಇಟಲಿಯ ನಿಯಮ ಒಪ್ಪದ ಕಾರಣ ಅಲ್ಲಿನ ಅವರ ಕ್ಲಬ್ ಇಂಟರ್ ಮಿಲಾನ್ ಜೊತೆಗಿನ ಒಪ್ಪಂದ ಡಿಸೆಂಬರ್‌ನಲ್ಲಿ ರದ್ದಾಯಿತು. 2022ರ ಫೆಬ್ರುವರಿಯಲ್ಲಿ ಇಂಗ್ಲೆಂಡ್‌ನ ಬ್ರೆಂಟ್‌ಫರ್ಡ್ ಪರ ಮತ್ತೆ ಕಣಕ್ಕಿಳಿದರು. 2024ರ ಯೂರೋದಲ್ಲಿ ಸ್ಲೊವೇನಿಯಾ ವಿರುದ್ಧ ಗೋಲನ್ನೂ ಹೊಡೆದರು. ನೆದರ್ಲೆಂಡ್ಸ್‌ನ ಡೇಲಿ ಬ್ಲಿಂಡ್ ಕೂಡ ಐಸಿಡಿಯೊಂದಿಗೇ ಆಡಿದವರು.

ಆದರೆ ಕಾಯಿಲೆಯ ಮೂಲ ಯಾವುದು, ಶ್ರಮದಿಂದ ಅದು ಉಲ್ಬಣಿಸುತ್ತದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹೃದ್ರೋಗ ತಜ್ಞರು ಪರೀಕ್ಷಿಸಿ ಒಪ್ಪಿದ ಮೇಲಷ್ಟೇ ಬೂಟು ಕಟ್ಟಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿ ಮೈದಾನದಲ್ಲೂ ಡಿಫಿಬ್ರಿಲೇಟರ್ ಮತ್ತು ಅದನ್ನು ಬಳಸಬಲ್ಲವರು ಇರಲೇಬೇಕು.